ವಾಮನಣ್ಣನ ಕೊನೆಯ ನಾಟಕಕ್ಕೆ ನಾನು ಬರೆದ ವಿಮರ್ಶೆ

ನಾಟಕ ವಿಮರ್ಶೆಗೆ ಇಳಿಯುವವರಿಗೆ ನನ್ನ ಮೊದಲ ಸಲಹೆ ಕುರ್ಚಿಯ ಬಗ್ಗೆ. ಸಾಲಿನ ತುದಿಯ ಕುರ್ಚಿಯನ್ನೇ ಕೇಳಿ ಪಡೆಯಿರಿ. ಸಂಘಟಕರು ನಿಮ್ಮನ್ನು ಮುಂದಿನ ಸಾಲಿನ ನಡುವೆ, ಪ್ರಾಯೋಜಕರ ಮಗ್ಗುಲಿಗೆ ಕೂಡಿಸಲು ನೋಡುತ್ತಾರೆ. ಒಪ್ಪಬೇಡಿ. ಅಲ್ಲಿ ಕೂತರೆ ನಟರ ಕೊರಳ ನರ ಕಾಣುತ್ತದೆ, ನಾಟಕ ಕಾಣುವುದಿಲ್ಲ. ಮೇಲಾಗಿ ಪ್ರಾಯೋಜಕರು ನಕ್ಕಾಗಲೆಲ್ಲ ನೀವೂ ನಗಬೇಕಾಗುತ್ತದೆ. ವಿರಾಮದಲ್ಲಿ ಯಾರು ಸಮೋಸಾ ಹಿಡಿದು ಬಂದರೂ ಕೈ ಚಾಚಬೇಡಿ. ಹಸಿವಾಗುವ ಜನ ನೀವಾದರೆ ಚೀಲದಲ್ಲಿ ಬಾಳೆಹಣ್ಣು ಇಟ್ಟುಕೊಳ್ಳಿ. ಪರದೆ ಬಿದ್ದ ಮೇಲೆ ಬಣ್ಣದ ಕೋಣೆಯ ಕಡೆ ತಲೆ ಹಾಕಬೇಡಿ. ಬರೆದು ಮುಗಿಸುವವರೆಗೆ ಯಾರೊಡನೆಯೂ ಆ ನಾಟಕದ ಮಾತು ಆಡಬೇಡಿ, ಕಟ್ಟಿಕೊಂಡ ಗಂಡನೊಡನೆಯೂ.

ಈ ಕೆಲಸಕ್ಕೆ ಹೊಸದಾಗಿ ಬಂದ ಕೆಲವರು ಲಂಡನ್ನಿನ ಎಜ್‌ವೇರ್‌ನ ನನ್ನ ಮನೆಗೆ ಬಂದು, ನೀವು ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳುತ್ತಾರೆ. ಸೌತ್‌ಹಾಲ್‌ನ ಒಂದು ಸೀರೆ ಅಂಗಡಿಯಲ್ಲಿ ಎಂದರೆ ನಗುತ್ತಾರೆ. ತಮಾಷೆಯಲ್ಲ. ಮದುವೆಯಾಗಿ ವಿಜಯಪುರದಿಂದ ಬಂದ ಹೊಸತರಲ್ಲಿ ನನಗೆ ಸಿಕ್ಕ ಕೆಲಸ ಅದೊಂದೇ. ಗಿರಾಕಿ ಬಾಯಲ್ಲಿ ಒಂದು ಹೇಳುತ್ತಾಳೆ, ಅವಳ ಬೆರಳು ಬಟ್ಟೆಯ ಮೇಲೆ ಇನ್ನೊಂದು ಹೇಳುತ್ತದೆ. ಬೇಡ ಎಂದ ಸೀರೆಯ ಮೇಲಿಂದ ಕೈ ತೆಗೆಯುವುದಿಲ್ಲ. ಬಾಯಿಯನ್ನು ಬಿಟ್ಟು ಬೆರಳನ್ನು ನಂಬುವುದು ಅಲ್ಲಿ ರೂಢಿಯಾಯಿತು. ರಂಗದ ಮೇಲೂ ನಾನು ನೋಡಿದ್ದು ಅದನ್ನೇ.

ಆ ಅಂಗಡಿಗೆ ಜಾಹೀರಾತು ಕೇಳಿಕೊಂಡು ಮೆಹ್ತಾ ಎಂಬವರು ಬರುತ್ತಿದ್ದರು. ಲಂಡನ್ನಿನ ನಮ್ಮ ಜನರಿಗಾಗಿ ಇಂಗ್ಲಿಷಿನಲ್ಲಿ ಒಂದು ವಾರಪತ್ರಿಕೆ ನಡೆಸುತ್ತಿದ್ದ ಗುಜರಾತಿ ಮನುಷ್ಯ. ನಮ್ಮ ಮಾಲೀಕರ ಪರವಾಗಿ ನಾನು ಅವರೊಡನೆ ಚೌಕಾಸಿ ಮಾಡಿ ಮಾಡಿ ಅವರನ್ನು ಸುಸ್ತಾಗಿಸಿದೆ. ಒಂದು ದಿನ ಅವರು, "ನನ್ನ ವಿರುದ್ಧ ಇಷ್ಟು ವಾದಿಸುವವಳು ನನ್ನ ಪರವಾಗಿ ವಾದಿಸಿದರೆ ಎಷ್ಟು ಚೆನ್ನ" ಎಂದರು. ಹಾಗೆ ನಾನು ಪತ್ರಿಕೆಗೆ ಜಾಹೀರಾತು ತರುವವಳಾದೆ. ನಾಟಕದ ಬಗ್ಗೆ ಬರೆಯುತ್ತಿದ್ದವರು ಒಮ್ಮೆ ಜ್ವರದಲ್ಲಿ ಮಲಗಿದಾಗ ಮೆಹ್ತಾ ಟಿಕೆಟನ್ನು ನನ್ನ ಕೈಗೆ ತುರುಕಿದರು. "ನನಗೇನು ಗೊತ್ತು ನಾಟಕ?" ಎಂದೆ. "ಮಾರುವವರು ಎಲ್ಲಿ ಮೋಸ ಮಾಡುತ್ತಾರೆ ಅಂತ ಗೊತ್ತಲ್ಲ, ಅಷ್ಟು ಸಾಕು" ಎಂದರು.

ಮೆಹ್ತಾ ಅವರಿಗೆ ಹಳೆಯ ಪತ್ರಿಕೆಗಳ ಹುಚ್ಚು. ಅಮೆರಿಕದಲ್ಲಿ ಮೊದಮೊದಲು ನಾಟಕ ವಿಮರ್ಶೆ ಬರೆದವರು ತಮ್ಮ ಹೆಸರು ಹಾಕದೆ ಕಲ್ಪಿತ ಹೆಸರಿನಲ್ಲಿ ಬರೆಯುತ್ತಿದ್ದರಂತೆ. ಇಲ್ಲದಿದ್ದರೆ ನಟರು ಬೆತ್ತ ಹಿಡಿದು ಕಚೇರಿಗೇ ನುಗ್ಗುತ್ತಿದ್ದರಂತೆ. "ನೀನೂ ಒಂದು ಸುಳ್ಳು ಹೆಸರು ಇಟ್ಟುಕೋ" ಎಂದರು. ನಾನು ಒಪ್ಪಲಿಲ್ಲ. ಹೆಸರಿಲ್ಲದ ಸರಕನ್ನು ಯಾರು ಕೊಳ್ಳುತ್ತಾರೆ? ಪದ್ಮಾ ಎಂದೇ ಹಾಕಿಸಿದೆ. ಅದರ ಫಲವಾಗಿ ಮೂರನೆಯ ವಿಮರ್ಶೆಗೇ ನನ್ನ ಮಾನ ಹೋಯಿತು. ದೊಡ್ಡ ರಂಗಮಂದಿರವೊಂದರಲ್ಲಿ ನಾಯಕಿಯನ್ನು ಹೊಗಳಿ ಹಾಡಿದೆ. ಅವಳಿಗೆ ಅಂದು ಮೈ ಸರಿಯಿರಲಿಲ್ಲ, ಬದಲಿ ಹುಡುಗಿ ಆಡಿದ್ದಳು. ಅದನ್ನು ತಿಳಿಸುವ ಚೀಟಿಯನ್ನು ಕಾರ್ಯಕ್ರಮದ ಪುಸ್ತಿಕೆಯೊಳಗೆ ಇಟ್ಟಿರುತ್ತಾರೆ. ನನ್ನದು ಕುರ್ಚಿಯ ಕೆಳಗೆ ಜಾರಿ ಬಿದ್ದಿತ್ತು. ಆ ಬದಲಿ ಹುಡುಗಿಗೆ ಜೀವಮಾನದಲ್ಲಿ ಸಿಕ್ಕ ಒಂದು ಒಳ್ಳೆಯ ಮಾತು ಬೇರೆಯವಳ ಹೆಸರಿಗೆ ಜಮೆಯಾಯಿತು. ತಿದ್ದುಪಡಿ ಹಾಕಿದೆವು. ತಿದ್ದುಪಡಿಯನ್ನು ಯಾರೂ ಓದುವುದಿಲ್ಲ. ಆದ್ದರಿಂದ ಪುಸ್ತಿಕೆ ಕೈಗೆ ಬಂದ ಕೂಡಲೆ ತಲೆಕೆಳಗು ಮಾಡಿ ಕೊಡವಿ.

ಇನ್ನು ವಾಮನಣ್ಣನ ಸಂಗತಿ. ಈ ಬರಹ ಹಿಡಿದದ್ದೇ ಅದಕ್ಕಾಗಿ.

ವಾಮನಣ್ಣ ಧಾರವಾಡದ ಕಡೆಯವರು. ಹುಡುಗನಾಗಿದ್ದಾಗ ಕಂಪನಿ ನಾಟಕಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿ, ಆಮೇಲೆ ಹೇಗೋ ಲಂಡನ್ನಿಗೆ ಬಂದು ಬಸ್ಸಿನ ಚಾಲಕರಾಗಿ ದುಡಿದು ನಿವೃತ್ತರಾದವರು. ಕ್ವೀನ್ಸ್‌ಬರಿಯಲ್ಲಿ ಮನೆ. ನಮ್ಮ ಕಡೆಯವರು ಕಟ್ಟಿಕೊಂಡ ಚಿಕ್ಕ ನಾಟಕ ಮಂಡಳಿಗೆ ವರ್ಷಕ್ಕೊಮ್ಮೆ ಅವರೇ ನಾಯಕ. ಅವರ ಧ್ವನಿ ಅಂಥದ್ದು. ಮೈಕಿಲ್ಲದೆ ಶಾಲೆಯ ಸಭಾಂಗಣದ ಕೊನೆಯ ಗೋಡೆಗೆ ತಾಗಿ ತಿರುಗಿ ಬರುತ್ತಿತ್ತು. ನನಗೆ ಅದೇ ಬೇಡವಾಗಿತ್ತು. "ಇವರು ಹೆಂಡತಿಗೆ ನೀರು ಕೇಳುವಾಗಲೂ ಯುದ್ಧ ಸಾರುತ್ತಾರೆ" ಎಂದು ಒಮ್ಮೆ ಬರೆದೆ. ಇನ್ನೊಮ್ಮೆ, "ಧ್ವನಿ ರಂಗಕ್ಕೆ ಬಂತು, ನಟ ಬರಲಿಲ್ಲ" ಎಂದು.

ಪತ್ರಿಕೆ ಬಂದ ದಿನ ತಪ್ಪದೆ ಫೋನು.

"ಏನವಾ ತಂಗಿ, ನಿನಗ ಕಿವಿ ಅದನೋ ಇಲ್ಲೋ?"

"ಅದ ಅಣ್ಣಾ, ಅದಕ್ಕs ತ್ರಾಸ ಆಗ್ಲಿಕತ್ತದ."

"ಮಂದಿ ಚಪ್ಪಾಳಿ ಹೊಡದ್ರಲ್ಲ, ಅವರೆಲ್ಲಾ ಹುಚ್ಚರೇನು?"

"ಚಪ್ಪಾಳಿ ಹೊಡದ್ರ ನೀವು ಸುಮ್ಮಾಗ್ತೀರಿ ಅಂತ ತಿಳಕೊಂಡಿದ್ರು."

ಆ ಕಡೆಯಿಂದ ಅವರ ಹೆಂಡತಿ ಸುಮಿತ್ರಾ ವೈನಿ ನಗುವುದು ಕೇಳಿಸುತ್ತಿತ್ತು. ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುತ್ತೇವೆ; ನನಗೆ ಅವರು ಸಂಬಂಧವಲ್ಲ, ಆದರೆ ಪರದೇಶದಲ್ಲಿ ಹೀಗೆ ಕರೆದು ಕರೆದೇ ಸಂಬಂಧ ಆಗುವುದು. ವಾಮನಣ್ಣ ನನ್ನ ಮೇಲೆ ಕೂಗಾಡುತ್ತಿದ್ದರೇ ಹೊರತು ಒಮ್ಮೆಯೂ ಸಂಪಾದಕರಿಗೆ ದೂರಲಿಲ್ಲ, ಮುಂದಿನ ವರ್ಷ ಕರೆಯುವುದನ್ನು ಬಿಡಲಿಲ್ಲ. ಇಲ್ಲಿನ ಕನ್ನಡ ಸಂಘದವರೆಲ್ಲ ಅವರನ್ನು "ನಮ್ಮ ಹೆಮ್ಮೆ" ಎನ್ನುತ್ತಿದ್ದರು. ಹೆಮ್ಮೆಯೊಡನೆ ಯಾರೂ ಜಗಳ ಆಡುವುದಿಲ್ಲ. ನಾನೊಬ್ಬಳು ಆಡುತ್ತಿದ್ದೆ.

ಆಮೇಲೆ ಕಾಲ ಬದಲಾಯಿತು. ಮಂಡಳಿಗೆ ಬೆಂಗಳೂರಿನಿಂದ ಬಂದ ಐಟಿ ಹುಡುಗರು ಸೇರಿದರು. ಅವರಲ್ಲಿ ಚೇತನ್ ಎಂಬವನು ನಿರ್ದೇಶಕನಾದ. ಒಳ್ಳೆಯ ಹುಡುಗ, ಕೆಲಸಗಾರ. ಅವನು ತಂದ ಪದ್ಧತಿ ಈಗ ಎಲ್ಲ ಕಡೆ ಇದೆ, ನಿಮಗೂ ಎದುರಾಗುತ್ತದೆ: ನಾಟಕದ ಮಾತನ್ನೆಲ್ಲ ಮೊದಲೇ ಯಾರದೋ ಫ್ಲಾಟಿನಲ್ಲಿ ಕೂತು ಧ್ವನಿಮುದ್ರಿಸುವುದು, ಆಡುವ ದಿನ ಲ್ಯಾಪ್‌ಟಾಪಿನಿಂದ ಅದನ್ನು ಹಾಕುವುದು, ನಟರು ರಂಗದ ಮೇಲೆ ತುಟಿ ಆಡಿಸುವುದು. ಕಾರಣಗಳೂ ಸುಳ್ಳಲ್ಲ. ಬಾಡಿಗೆ ಸಭಾಂಗಣದಲ್ಲಿ ಮೈಕು ಕೈಕೊಡುತ್ತದೆ. ನಟರು ಲಂಡನ್ನಿನ ಒಂದೊಂದು ಮೂಲೆಯಲ್ಲಿ ಇರುತ್ತಾರೆ. ತಾಲೀಮಿಗೆ ಎಲ್ಲರೂ ಒಟ್ಟಿಗೆ ಸೇರುವುದೇ ಇಲ್ಲ. "ಆಂಟೀ, ಈಗ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡ್ಬೇಕಲ್ವಾ?" ಎಂದ ಚೇತನ್. ನಾನೂ ಲೆಕ್ಕಾಚಾರದವಳೇ, ಎದುರಾಡಲಿಲ್ಲ. ವಾಮನಣ್ಣ ಎದುರಾಡಿದರು. "ಧ್ವನಿ ಪೆಟಗ್ಯಾಗ ಇಟ್ಟು ನಾ ಬರೇ ಬಾಯಿ ಬಿಡ್ಲೇನು? ಮೀನೇನು ನಾನು?" ಎಂದು ಎರಡು ವರ್ಷ ತಮ್ಮ ಮಾತನ್ನು ತಾವೇ ಆಡಿದರು. ಮಿಕ್ಕವರು ಧ್ವನಿಮುದ್ರಿಕೆ, ಇವರೊಬ್ಬರು ಜೀವಂತ. ಕೇಳಲು ವಿಚಿತ್ರವಾಗಿರುತ್ತಿತ್ತು. ಬರೆದೆ. ಫೋನು ಬಂತು.

ಮೂರನೆಯ ವರ್ಷ ಅವರ ಧ್ವನಿ ಒಡೆಯತೊಡಗಿತು. ಶೀತ ಎಂದರು, ಶುಂಠಿ ಕಷಾಯ ಎಂದರು. ವೈನಿ ಜಗಳಾಡಿ ಬಡಾವಣೆಯ ಡಾಕ್ಟರು, ಇಲ್ಲಿ ಜಿಪಿ ಎನ್ನುತ್ತಾರೆ, ಅವರ ಹತ್ತಿರ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು. ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಕೊರಳಲ್ಲಿ ರಂಧ್ರ ಮಾಡಿ ಅದರಿಂದ ಉಸಿರಾಡಬೇಕು ಎಂದರು ವೈದ್ಯರು. ಆ ವರ್ಷದ ನಾಟಕ ಆಗಲೇ ನಿಗದಿಯಾಗಿತ್ತು: ಕೊಲೆ ಮಾಡಿದ ಸ್ವಂತ ಮಗನಿಗೆ ಶಿಕ್ಷೆ ಕೊಡಬೇಕಾದ ನ್ಯಾಯಾಧೀಶನ ಕಥೆ. ಶಸ್ತ್ರಚಿಕಿತ್ಸೆಗೆ ಮೊದಲು ವಾಮನಣ್ಣ ತಾವಾಗಿ ಚೇತನನ ಫ್ಲಾಟಿಗೆ ಹೋದರು. ಕಿಟಕಿಗೆಲ್ಲ ರಜಾಯಿ ಕಟ್ಟಿ, ನೋವಿನ ಮಾತ್ರೆ ನುಂಗಿ ನುಂಗಿ, ಇಡೀ ಪಾತ್ರವನ್ನು ಮುದ್ರಿಸಿಬಿಟ್ಟರು. "ಅಂಕಲ್ ಒಂದ್ಸಲಾನೂ ನಿಲ್ಲಿಸ್ಲಿಲ್ಲ ಆಂಟೀ. ನಾನೇ ಹೊರಗ್ ಹೋಗಿ ಅತ್ತೆ" ಎಂದು ಚೇತನ್ ಆಮೇಲೆ ಹೇಳಿದ.

ಚಿಕಿತ್ಸೆಯ ವಿಷಯ ಮೂವರಿಗೇ ಗೊತ್ತಿತ್ತು: ವೈನಿ, ಚೇತನ್, ನಾನು. ಊರಿಗೆ ಹೋಗಿದ್ದಾರೆ ಎಂದು ಉಳಿದವರಿಗೆ ಹೇಳಿದ್ದರು. ಮತ್ತಾರಿಗೂ ತಿಳಿಸಕೂಡದು ಎಂದು ವಾಮನಣ್ಣ ವೈನಿಯಿಂದ ದೇವರ ಮುಂದೆ ಆಣೆ ಹಾಕಿಸಿಕೊಂಡಿದ್ದರು. ಹೊಸ ರೀತಿಯಲ್ಲಿ ಮಾತಾಡುವುದನ್ನು ಆಸ್ಪತ್ರೆಯವರು ಕಲಿಸುತ್ತಿದ್ದರು, ಅದಿನ್ನೂ ಅವರಿಗೆ ಕೂಡಿರಲಿಲ್ಲ. ನಾಟಕಕ್ಕೆ ಸ್ವಲ್ಪ ದಿನ ಇರುವಾಗ ನನ್ನನ್ನು ಕರೆಸಿಕೊಂಡರು. ಮೈ ಅರ್ಧ ಆಗಿತ್ತು. ತೊಡೆಯ ಮೇಲೆ ಮಕ್ಕಳು ಬರೆದು ಅಳಿಸುವ ಬಿಳಿ ಹಲಗೆ.

"ನಾಟಕಕ್ಕ ಬಾ" ಎಂದು ಬರೆದರು.

"ಬರ್ತೀನಿ ಅಣ್ಣಾ."

"ಬರಿ."

"ಬರೀದs ಬಿಡ್ತೀನೇನು?"

ತೋಳಿನಿಂದ ಅಳಿಸಿ ಬರೆದರು: "ಗಂಟಲಿನ ವಿಷಯ ಬರೀಬ್ಯಾಡ."

"ಯಾಕಣ್ಣಾ? ಬರದ್ರ ಮಂದಿ ಇನ್ನೂ ಮೆಚ್ಚತಾರ."

"ಅದಕ್ಕs" ಎಂದು ಬರೆದು ಹಲಗೆಯನ್ನು ನನ್ನ ಮುಖಕ್ಕೆ ಹಿಡಿದರು.

ವೈನಿ ಬಾಗಿಲಲ್ಲಿ ನಿಂತಿದ್ದರು. "ನೋಡಿದೇನ ಪದ್ಮಾ? ಧ್ವನಿ ಹೋತು, ಸೊಕ್ಕು ಹೋಗಲಿಲ್ಲ. ಸೊಕ್ಕು ಎಲ್ಲಿರ್ತದ ಅಂತ ಡಾಕ್ಟರರಿಗೆ ಸಿಗಲಿಲ್ಲ ನೋಡು."

ವಾಮನಣ್ಣ ನಕ್ಕರು. ನಗೆ ಬಾಯಿಂದ ಬರಲಿಲ್ಲ. ಕೊರಳ ರಂಧ್ರದಿಂದ ಗಾಳಿ ಒದ್ದೆಯಾಗಿ ಶಿಳ್ಳೆ ಹಾಕಿತು. ನಾನು ಬೇರೆ ಕಡೆ ನೋಡಿದೆ. ಆಮೇಲೆ ನಾನೂ ನನ್ನ ಕರಾರು ಮುಂದಿಟ್ಟೆ: ಗಂಟಲಿನ ಮಾತು ಎತ್ತುವುದಿಲ್ಲ, ಬದಲಿಗೆ ರಂಗದ ಮೇಲೆ ಏನು ಕಂಡರೂ ಬರೆಯುತ್ತೇನೆ, ಕೆಟ್ಟರೆ ಕೆಟ್ಟಿತು ಎಂದೇ ಬರೆಯುತ್ತೇನೆ. "ಇಷ್ಟು ವರ್ಷ ಮತ್ತೇನು ಬರದೀ?" ಎಂದು ಬರೆದು ತೋರಿಸಿದರು. ಕೈ ಕುಲುಕಿದೆವು. ಕರಾರು ಸಲೀಸು ಎನಿಸಿತು. ನೀವು ಯಾರಿಗಾದರೂ ಹೀಗೆ ಮಾತು ಕೊಡುವ ಸಂದರ್ಭ ಬಂದರೆ ಬಾಗಿಲಲ್ಲಿ ನಿಂತವರ ಕಡೆಗೂ ಒಮ್ಮೆ ತಿರುಗಿ ನೋಡಿ. ನಾನು ನೋಡಲಿಲ್ಲ.

ಭಾನುವಾರ ಮಧ್ಯಾಹ್ನ, ಶಾಲೆಯ ಸಭಾಂಗಣ. ನ್ಯಾಯಾಧೀಶನ ಕರಿ ನಿಲುವಂಗಿ, ಕೊರಳಿಗೆ ಬಿಳಿ ಪಟ್ಟಿ. ಗಾಳಿಯಾಡಲಿ ಎಂದು ವೈನಿ ಅದನ್ನು ತೆಳು ಮಲ್ಲಿನ ಬಟ್ಟೆಯಲ್ಲಿ ಹೊಲಿದಿದ್ದರು. ಅವರು ಪಕ್ಕದ ಪರದೆಯ ಹಿಂದೆ, ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. ಚೇತನ್ ಸಭಾಂಗಣದ ಹಿಂದೆ ಲ್ಯಾಪ್‌ಟಾಪಿನ ಮುಂದೆ.

ಮೊದಲ ಅರ್ಧ ನೋಡುವ ಹಾಗಿರಲಿಲ್ಲ. ಧ್ವನಿ ಹಳೆಯ ವಾಮನಣ್ಣನದು, ಒಡೆದಿದ್ದರೂ ಗುಡುಗುತ್ತಿತ್ತು. ಅದರ ಹಿಂದೆ ಈ ಬಡಕಲು ದೇಹ ಓಡುತ್ತಿತ್ತು. ತುಟಿ ಒಂದು ಮಾತು ಹಿಂದೆ. ತಮ್ಮ ಧ್ವನಿಯನ್ನು ತಾವೇ ಕೇಳುತ್ತ ನಿಂತುಬಿಡುತ್ತಿದ್ದರು. ಪಾತ್ರ ಮರೆತ ನಟರನ್ನು ಎಷ್ಟೋ ಕಂಡಿದ್ದೆ. ತನ್ನ ಗಂಟಲಿನ ನೆನಪಿನಲ್ಲಿ ಪಾತ್ರವನ್ನು ಕೈಬಿಟ್ಟ ನಟನನ್ನು ಅಲ್ಲಿಯೇ ಕಂಡದ್ದು.

ಕೊನೆಯ ದೃಶ್ಯ. ಮಗ ಕಟಕಟೆಯಲ್ಲಿ. ನ್ಯಾಯಾಧೀಶ ತೀರ್ಪು ಓದಬೇಕು, ದೊಡ್ಡ ಭಾಷಣ, ಅದರ ಕೊನೆಗೆ ಸಹಿ. "ಈ ನ್ಯಾಯಾಲಯವು..." ಎಂದ ಧ್ವನಿ ಅಲ್ಲಿಯೇ ನಿಂತಿತು. ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನು ಅಪ್‌ಡೇಟ್ ಮಾಡಿಕೊಳ್ಳಲು ಹೋಗಿತ್ತು. ವಾಮನಣ್ಣನ ತುಟಿ ಇನ್ನೂ ಎರಡು ಮೂರು ಮಾತು ಆಡಿ, ಶಬ್ದವಿಲ್ಲವೆಂದು ತಿಳಿದು, ನಿಂತಿತು.

ಮಗನ ಪಾತ್ರದ ಹುಡುಗನಿಗೆ ಏನೂ ಗೊತ್ತಿಲ್ಲ. ಅವನು ತನ್ನ ಸ್ವಂತ ಧ್ವನಿಯಲ್ಲಿ ಜಾಣತನ ಮಾಡಿದ: "ಹೇಳಿ ಅಪ್ಪಾ! ತೀರ್ಪು ಹೇಳಿ!"

ವಾಮನಣ್ಣ ಬಾಯಿ ತೆರೆದರು.

ಸಭೆ ಒಂದು ಗಳಿಗೆ ಕಾಯಿತು. ಆಮೇಲೆ ಶುರುವಾಯಿತು.

"ವಾಮನಣ್ಣಾ, ಮರತ್ರೇನು?"

"ಕ್ಯಾಸೆಟ್ ಹೊಳ್ಳಿಸಿ ಹಾಕ್ರೋ!"

"ಅಯ್ಯೋ, ಇವರೂ ರೆಕಾರ್ಡೇನಾ? ಲೈವ್ ಅಂದ್ಕೊಂಡಿದ್ವಲ್ಲಾ!"

ನನ್ನ ಮುಂದಿನ ಸಾಲಿನಲ್ಲಿ ಒಂದು ಮಗು ತಾಯಿಯನ್ನು ಕೇಳಿತು, "ಮಮ್ಮಿ, ವೈ ಇಸ್ ಹೀ ನಾಟ್ ಟಾಕಿಂಗ್?" ತಾಯಿ, "ಶ್, ಅಜ್ಜನಿಗೆ ಡೈಲಾಗ್ ಮರ್ತೋಗಿದೆ ಪುಟ್ಟಾ" ಎಂದಳು. ನಗೆ ಹಿಂದಿನ ಸಾಲಿನಿಂದ ಮುಂದಕ್ಕೆ ಬಂತು. ಚೇತನ್ ಮಂಡಿಯೂರಿ ಲ್ಯಾಪ್‌ಟಾಪನ್ನು ಅಲುಗಾಡಿಸುತ್ತಿದ್ದ. ನಾನು ತುದಿಯ ಕುರ್ಚಿಯಲ್ಲಿ ಕೂತಿದ್ದೆ, ಎದ್ದು ನಿಂತು ಒಂದು ಮಾತು ಹೇಳಿದ್ದರೆ ಆ ನಗೆ ನಿಲ್ಲುತ್ತಿತ್ತು. ಕೂತೇ ಇದ್ದೆ.

ವಾಮನಣ್ಣ ಬಾಯಿ ಮುಚ್ಚಿದರು. ಮಗನನ್ನು ನೋಡಿದರು. ಕಾಗದ ಎಳೆದುಕೊಂಡು ಸಹಿ ಹಾಕಿದರು. ಶಾಯಿ ಪೆನ್ನನ್ನು ಮೇಜಿಗೆ ನೆಟ್ಟಗೆ ಊರಿ, ಮೈಯ ಭಾರ ಬಿಟ್ಟು, ನಿಬ್ಬು ಮುರಿದರು. ನಮ್ಮ ದೇಶದ ನ್ಯಾಯಾಧೀಶರು ಗಲ್ಲು ಬರೆದ ಲೇಖನಿಯಿಂದ ಇನ್ನೊಂದು ಅಕ್ಷರ ಬರೆಯಬಾರದೆಂದು ಮುರಿಯುವ ಪದ್ಧತಿ. ಗೊತ್ತಿದ್ದ ವಯಸ್ಸಾದವರು ಒಬ್ಬಿಬ್ಬರು ಅಯ್ಯೋ ಎಂದರು. ಮಿಕ್ಕವರಿಗೆ ಮುದುಕನೊಬ್ಬ ಸಿಟ್ಟಿನಿಂದ ಪೆನ್ನು ಮುರಿದಂತೆ ಕಂಡಿತು, ಇನ್ನಷ್ಟು ನಕ್ಕರು. ಪರದೆ ಎಳೆದರು. ನಿಜ ಹೇಳುತ್ತೇನೆಂದು ಚೇತನ್ ರಂಗದ ಪಕ್ಕದ ಮೈಕಿನ ಕಡೆ ಓಡಿದನಂತೆ. ವಾಮನಣ್ಣ ಅವನ ಅಂಗಿ ಹಿಡಿದು ಬಿಡಲಿಲ್ಲವಂತೆ.

ಮನೆಗೆ ಬಂದು ಬರೆದೆ. ಮೊದಲ ಅರ್ಧದಲ್ಲಿ ತುಟಿ ಮಾತಿನ ಹಿಂದೆ ಓಡುತ್ತಿತ್ತು ಎಂದು ಬರೆದೆ. ಲ್ಯಾಪ್‌ಟಾಪಿಗೆ ಕೊರಳು ಒತ್ತೆಯಿಟ್ಟ ಮಂಡಳಿಗೆ ಇದು ಆಗಬೇಕಾದದ್ದೇ ಎಂದು ಬರೆದೆ. ಮುದ್ರಿಕೆ ನಿಂತಾಗ ನ್ಯಾಯಾಧೀಶ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಮೂಕನಾಗಿ ನಿಂತ, ಆಮೇಲೆ ಭಾಷಣವನ್ನು ಕೈಬಿಟ್ಟು ನಿಬ್ಬು ಮುರಿದ. ತೀರ್ಮಾನ ಸರಿ, ಮಾಡಿದ್ದು ಚೆನ್ನಾಗಿತ್ತು, ಇನ್ನೂ ಬೇಗ ಮಾಡಬಹುದಿತ್ತು. ಎಡಗೈ ನಡುಗುತ್ತಿತ್ತು, ಆ ನಡುಕ ಪಾತ್ರದ್ದೆನಿಸಲಿಲ್ಲ. ಇಷ್ಟು.

ಮೆಹ್ತಾ ಎರಡು ಸಲ ಓದಿದರು. "ಈ ಮನುಷ್ಯ ಯಾಕೆ ಮಾತಾಡಲಿಲ್ಲ? ಓದುವವರು ಕೇಳುತ್ತಾರೆ."

"ರಂಗದ ಮೇಲೆ ಕಂಡದ್ದು ಅಷ್ಟೇ."

"ನಿನಗೆ ಕಾರಣ ಗೊತ್ತು."

"ಗೊತ್ತು. ಮಾರಾಟಕ್ಕಿಲ್ಲ."

ಕನ್ನಡಕ ತೆಗೆದು ಒರೆಸಿದರು. "ಇದು ನಿನ್ನ ಮೇಲೆ ಬರುತ್ತದೆ ಪದ್ಮಾ" ಎಂದರು. ಒಂದಕ್ಷರ ಬದಲಿಸದೆ ಅಚ್ಚಿಗೆ ಕಳಿಸಿದರು. ಅವರಂಥ ಮೇಲಧಿಕಾರಿ ಸಿಕ್ಕರೆ ಬಿಡಬೇಡಿ.

ಅವರು ಹೇಳಿದ್ದು ಅರ್ಧ ತಪ್ಪು. ನನ್ನ ಮೇಲೆ ಬರಲಿಲ್ಲ. ಪತ್ರಿಕೆ ಬಂದ ವಾರ ಕ್ವೀನ್ಸ್‌ಬರಿಯ ತರಕಾರಿ ಅಂಗಡಿಯೊಂದರಲ್ಲಿ ನಮ್ಮ ಕಡೆಯ ಇಬ್ಬರು ಗಂಡಸರು ಬದನೆಕಾಯಿ ಆರಿಸುತ್ತಿದ್ದರಂತೆ. ಒಬ್ಬ, "ಸಾಹೇಬ್ರ, ತೀರ್ಪು ಕೊಡ್ರಿ!" ಎಂದನಂತೆ. ಇನ್ನೊಬ್ಬ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ತೋರಿಸಿದನಂತೆ. "ಇಷ್ಟು ವರ್ಷ ನನ್ನ ಧ್ವನಿ ನನ್ನ ಧ್ವನಿ ಅಂತ ಕುಣೀತಿದ್ದ, ಎಲ್ಲಾ ಮಶೀನಿಂದು ನೋಡು." ಅವರ ಬೆನ್ನ ಹಿಂದೆ ಕೊತ್ತಂಬರಿ ಕಟ್ಟು ಹಿಡಿದು ವೈನಿ ನಿಂತಿದ್ದರು.

ಆ ಸಂಜೆ ಫೋನು ಬಂತು. ಮೊದಲ ಸಲ ವೈನಿ ತಾವೇ ಮಾಡಿದ ಫೋನು.

"ಪದ್ಮಾ, 'ಅವರಿಗೆ ಆಪರೇಷನ್ ಆಗೇದ' ಅಂತ ಒಂದs ಒಂದು ಸಾಲು. ಅಷ್ಟು ಬರದ್ರ ನಿನ್ನ ಪೇಪರ್ ಹರೀತಿತ್ತೇನು?"

"ಮಾತು ಕೊಟ್ಟಿದ್ದೆ ವೈನಿ."

"ಅವರಿಗೆ ಕೊಟ್ಟಿದ್ದಿ. ಅಂಗಡ್ಯಾಗ ನಿಂತಾಕಿ ನಾನು."

ಫೋನು ಇಟ್ಟರು.

ಮರುದಿನ ವಾಮನಣ್ಣನಿಂದ ಮೆಸೇಜು: "ಬಾ. ಜಗಳ ಅದ." ಹೋದೆ. ನನ್ನ ವಿಮರ್ಶೆಗೆ ಕೆಂಪು ಗೆರೆ ಎಳೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಹಲಗೆಯಲ್ಲಿ ಮೊದಲೇ ಬರೆದಿತ್ತು: "ಕೈ ನಡುಗಿದ್ದು ಅಭಿನಯ."

"ಸುಳ್ಳು ಹೇಳಬ್ಯಾಡ್ರಿ. ಎಡಗೈ ಒಂದs ನಡುಗ್ತಿತ್ತು."

"ನ್ಯಾಯಾಧೀಶ ಎಡಚ."

"ಎಡಚ ಬಲಗೈಲೆ ಸಹಿ ಹಾಕಿದ್ನೇನು?"

ಹಲಗೆಯ ಮೇಲಿದ್ದ ಕೈ ನಿಂತಿತು. ಆಮೇಲೆ ಕೊರಳಿನಿಂದ ಆ ಶಿಳ್ಳೆ ನಗೆ. ನನಗೂ ನಗು ಬಂತು. "ಬೇಗ ಅಂದೀ. ಎಷ್ಟು ಬೇಗ?" ಎಂದು ಬರೆದರು. ಒಂದು ಬಾಲ್‌ಪೆನ್ನು, ಒಂದು ಹಳೆಯ ಮ್ಯಾಗಜೀನು ತೆಗೆದುಕೊಂಡು ಮಾಡಿ ತೋರಿಸಿದೆ. ತಲೆಯಾಡಿಸಿ ಪೆನ್ನು ಕಸಿದುಕೊಂಡು ತಾವು ಮಾಡಿದರು. ಮತ್ತೆ ಮಾಡಿದರು. ಕಣ್ಣು ಹೊಳೆಯುತ್ತಿದ್ದವು. ರೋಗದ ಸುದ್ದಿ ನಾವಿಬ್ಬರೂ ಎತ್ತಲಿಲ್ಲ. ಹಾಗೆ ಜಗಳ ಆಡಿದ್ದು ನನ್ನ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಮರ್ಯಾದೆ. ಅಷ್ಟೂ ಹೊತ್ತು ವೈನಿ ಅಡುಗೆಮನೆಯಲ್ಲಿದ್ದರು. ಚಹಾ ಬರಲಿಲ್ಲ.

ಚಳಿಗಾಲದಲ್ಲಿ ರೋಗ ಶ್ವಾಸಕೋಶಕ್ಕೆ ಇಳಿಯಿತು. ವಸಂತ ಕಾಣಲಿಲ್ಲ ವಾಮನಣ್ಣ.

ಸತ್ತ ಮೇಲೆ ವೈನಿಗೆ ಆಣೆಯ ಹಂಗಿರಲಿಲ್ಲ, ಹೇಳಿದರು. ಸುದ್ದಿ ಹರಡಿತು. ದಹನದ ದಿನ ಜನವೋ ಜನ. ಸಂಘದ ಅಧ್ಯಕ್ಷರು ಎದ್ದು ನಿಂತು, "ಕಂಠ ಹೋದರೂ ರಂಗ ಬಿಡದ ಧೀರ" ಎಂದರು. "ಭಾಳ ಅದ್ಭುತ, ಭಾಳ ಅದ್ಭುತ" ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಎಲ್ಲರಿಗಿಂತ ಹೆಚ್ಚು ಅತ್ತವನು ಅಂಗಡಿಯಲ್ಲಿ ಬಾಯಿ ತೆರೆದು ಮುಚ್ಚಿ ತೋರಿಸಿದವನು ಎಂದು ಚೇತನ್ ನನ್ನ ಕಿವಿಯಲ್ಲಿ ಹೇಳಿದ. ನಾಟಕದ ದಿನ ನಕ್ಕವರ ಲೆಕ್ಕ ತೆಗೆದರೆ ಆ ಕೋಣೆಯಲ್ಲಿ ಅರ್ಧ ಕುರ್ಚಿ ಖಾಲಿಯಾಗಬೇಕಿತ್ತು. ವೈನಿ ಪ್ರತಿಯೊಬ್ಬರಿಗೂ ಕೈ ಮುಗಿದರು. ನನಗೂ ಮುಗಿದರು, ಅವರೆಲ್ಲರಿಗೆ ಮುಗಿದ ಹಾಗೆಯೇ.

ಸೂತಕ ಕಳೆದ ಮೇಲೆ ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಕರೆದಿರಲಿಲ್ಲ. ಬಾಗಿಲು ತೆರೆದು, ಬಾ ಎನ್ನದೆ ಒಳಗೆ ನಡೆದರು. ಹಿಂದೆ ಹೋದೆ. ಚಹಾ ಮಾಡಿದರು. ಎದುರಿಗೆ ಕೂತರು. ಸೊರಗಿದ್ದರು. ಮೇಜಿನ ಮೇಲಿನ ಗೆರೆಯೊಂದನ್ನು ಉಗುರಿನಿಂದ ಕೆರೆಯುತ್ತ ಕೇಳಿದರು:

"ಅವತ್ತ ನಾ ಪರದೆ ಹಿಂದ ಇದ್ದೆ. ಅವರ ಬೆನ್ನಷ್ಟs ಕಾಣ್ತಿತ್ತು. ಮುಂದಿಂದ ನೋಡಿದಾಕಿ ನೀನು. ನಿಬ್ಬ ಮುರದ್ರಲ್ಲ, ಅದು ಹೆಂಗಿತ್ತು?"

"ಛಲೋ ಇತ್ತು ವೈನಿ. ಬರದೀನಲ್ಲ."

"ಬರದದ್ದು ಓದೀನಿ. ಛಲೋ ಅಂದ್ರ ಎಷ್ಟು?"

"ಛಲೋ ಅಂದ್ರ... ಛಲೋ."

"ಭಾಳ ಛಲೋ ಅಲ್ಲ?"

ನೋಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ಸರಿಯಾದ ತೀರ್ಮಾನ, ತಡವಾದ ಕೈ. ವಾಮನಣ್ಣನೇ ಕೇಳಿದ್ದರೆ ಇಂದೂ ಅಷ್ಟನ್ನೇ ಹೇಳುತ್ತಿದ್ದೆ, ಅವರು ಹಲಗೆ ಎತ್ತಿಕೊಳ್ಳುತ್ತಿದ್ದರು. ಆದರೆ ಎದುರಿಗೆ ಕೂತವರು ಇವರು. ಇವರ ಪಾಲಿಗೆ ನನ್ನಿಂದ ಇಷ್ಟು ದಿನ ಬಂದದ್ದು ಅಂಗಡಿಯ ಆ ನಗೆಯೊಂದೇ. ಉಗುರು ಮೇಜನ್ನು ಕೆರೆಯುತ್ತಲೇ ಇತ್ತು.

"ಭಾಳ ಛಲೋ ಇತ್ತು ವೈನಿ," ಎಂದೆ. "ಅಂಥಾದ್ದು ನಾ ಮತ್ತೆಲ್ಲೂ ನೋಡಿಲ್ಲ."

ಉಗುರು ನಿಂತಿತು. ವೈನಿ ನನ್ನ ಮುಖವನ್ನೇ ನೋಡಿದರು.

"ಸುಡೂ ದಿನ ಎಲ್ಲಾರೂ ಹಿಂಗs ಅಂದ್ರು," ಎಂದರು. ಇನ್ನೂ ಅರ್ಧ ಚಹಾ ಇದ್ದ ನನ್ನ ಬಟ್ಟಲನ್ನು ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದರು.